ಕಾಟಾ ಅಪ್‌ಡೇಟ್ ಆಗಾಕತ್ತೈತಿ

ಮಶಾಕಸಾಬ: ಸಿದ್ಧು, ಕಟ್ಟಕಡೀ ಸಲ ಕೇಳಾಕತ್ತೇನಿ. ಚೀಟಿ ಕೊಡ್ತಿಯೋ, ಇಲ್ಲಾ ಟ್ರ್ಯಾಕ್ಟರ್ ನಿನ್ನ ಹೆಸರಿಗೆ ಬಿಟ್ಟು ನಡಕೋತ ಮನಿಗೆ ಹೋಗ್ಲ್ಯೋ?

ನಾನು: ಕೊಡ್ತೇನಿ ಮಶಾಕಣ್ಣಾ. ಕಾಟಾ ಅಪ್‌ಡೇಟ್ ಆಗಾಕತ್ತೈತಿ.

ಮಶಾಕಸಾಬ: ಕಾಟಾ ಅಂದ್ರ ಕಬ್ಬಿಣದ ಹಲಗಿ. ಅದೇನ್ ಅಪ್‌ಡೇಟ್ ಆಗ್ತೈತಿ?

ನಾನು: ಹಲಗಿ ಅಲ್ಲೋ ಮಾರಾಯಾ, ಕಂಪ್ಯೂಟರ್.

ಮಶಾಕಸಾಬ: ಮತ್ತ ನನ್ನ ಗಾಡಿ ಹಲಗಿ ಮ್ಯಾಲ ನಿಂತೈತಿ. ಕಂಪ್ಯೂಟರ್ ಮ್ಯಾಲ ನಿಂತಿಲ್ಲ.

ಭಾಗ್ಯಾ: ರೀ, ಒಂದ್ ಮಾತು ಹೇಳ್ಲ್ಯಾ? ಮುಂಜಾನಿ ಮಶಾಕಣ್ಣನ ಗಾಡಿ...

ನಾನು: ಭಾಗ್ಯಾ, ಇದು ಕಂಪ್ಯೂಟರ್ ಮಾತು. ನಡುವ ಬಾಯಿ ಹಾಕಬ್ಯಾಡ.

ಭಾಗ್ಯಾ ನನ್ನ ಹೆಂಡತಿ. ಬಾಗಿಲಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನ ಮಾತು ಕೇಳಿ ಒಂದು ಕಾಯನ್ನು ಅಗತ್ಯಕ್ಕಿಂತ ಜೋರಾಗಿ ಒಡೆದಳು.

ಇಂಡಿಯಿಂದ ಹೊರ್ತಿಯ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ವೇ ಬ್ರಿಜ್ ಇದೆ. ನಮ್ಮ ಕಡೆ ಅದಕ್ಕೆ ಕಾಟಾ ಎನ್ನುತ್ತಾರೆ. ಕಬ್ಬು ಫ್ಯಾಕ್ಟರಿಗೆ ಹೋಗುವ ಮೊದಲು ನಮ್ಮಲ್ಲಿ ಒಮ್ಮೆ ತೂಕವಾಗಬೇಕು. ಹೊರಗಿನ ಕಾಟಾದ ಚೀಟಿ ಜೇಬಿನಲ್ಲಿ ಇಲ್ಲದೆ, ಫ್ಯಾಕ್ಟರಿಯ ತೂಕವನ್ನೇ ನಂಬಿ ಗೇಟು ದಾಟಿದವನನ್ನು ಊರಲ್ಲಿ ಯಾರೂ ಬುದ್ಧಿವಂತ ಎನ್ನುವುದಿಲ್ಲ. ಗಾಡಿ ಹಲಗೆ ಏರಿದ ಕೂಡಲೇ ಭಾಗ್ಯಾ ತೂಕದ ಫಲಕದ ಕೆಂಪು ಅಂಕಿ ನೋಡಿ ಮೈಕಿನಲ್ಲಿ ತೂಕ ಕೂಗುತ್ತಾಳೆ, ಅದೇ ತೂಕವನ್ನು ಕಂಪ್ಯೂಟರು ತಾನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಪ್ರಿಂಟರು ಚೀಟಿ ಉಗುಳುತ್ತದೆ. ಈ ಮೂವರ ನಡುವೆ ನನ್ನ ಕೆಲಸವೇನು ಎಂದು ಕೇಳಬೇಡಿ. ನಾನು ಮಾಲಕ.

ಆ ಕಂಪ್ಯೂಟರನ್ನು ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ನನ್ನ ಗೆಳೆಯ ಶಹಾಬುದ್ದೀನ ಹಾಕಿಕೊಟ್ಟದ್ದು. "ಇದಕ್ಕ ವೈರಸ್ ಬರೂದಿಲ್ಲ, ಇದು ಕೆಡೂದಿಲ್ಲ" ಎಂದು ಬಂದವರಿಗೆಲ್ಲ ಹೇಳುವುದು ನನ್ನ ಚಟ. ಕಬ್ಬಿನವರಿಗೆ, ಈರುಳ್ಳಿಯವರಿಗೆ, ದಾರಿ ಕೇಳಲು ನಿಂತವರಿಗೂ ಹೇಳಿದ್ದೇನೆ.

ಈ ಸಲದ ತಂಟೆ ಶುರುವಾದದ್ದು ಪ್ರಿಂಟರಿನಿಂದ. ಹಳೆಯದು ನಿನ್ನೆ ಕೈಕೊಟ್ಟಿತು, ಹೊಸದು ತಂದೆ. ಬೆಳಿಗ್ಗೆ ಮಶಾಕಸಾಬ ಅರ್ಧ ಗಾಡಿ ಕಬ್ಬು ತಂದು ತೂಗಿಸಿದ. ಅದು ಅವನ ಹೊಲದ್ದು. ಆಮೇಲೆ ಅಕ್ಕ ಪೀರಬಿಯ ಹೊಲಕ್ಕೆ ಹೋಗಿ ಅವಳ ಕಬ್ಬನ್ನು ಮೇಲೆ ಹೇರಿಕೊಂಡು ಮಧ್ಯಾಹ್ನ ಮತ್ತೆ ಬಂದ. ಮೊದಲ ತೂಕ ಗೊತ್ತಿದ್ದರೆ ತಮ್ಮನ ಪಾಲೆಷ್ಟು, ಅಕ್ಕನ ಪಾಲೆಷ್ಟು ಎಂದು ಬೇರೆ ಮಾಡಬಹುದು. ಬೆಳಿಗ್ಗೆಯೇ ಕೈಯಲ್ಲಿ ಬರೆದಾದರೂ ಚೀಟಿ ಕೊಡಬಹುದಿತ್ತಲ್ಲ ಎನ್ನುತ್ತೀರಿ. ಕೊಡಲಿಲ್ಲ. "ಎರಡೂ ಕಾಟಾ ಕೂಡೇ ಹೊಸಾ ಪ್ರಿಂಟರಿನ್ಯಾಗ ಝಗಝಗ ಹೊಡದು ಕೊಡ್ತೇನಿ" ಎಂದೆ. ಆ ತೂಕವನ್ನು ನಾನಂತೂ ನೋಡಿಯೂ ಇರಲಿಲ್ಲ, ಕೇಳಿಯೂ ಇರಲಿಲ್ಲ, ಪ್ರಿಂಟರಿನ ಥರ್ಮಾಕೋಲ್ ಬಿಚ್ಚುವುದರಲ್ಲಿದ್ದೆ. ಮಶಾಕಸಾಬನಿಗೂ ಕೇಳಿಸಿರಲಿಲ್ಲ, ಅವನ ಟ್ರ್ಯಾಕ್ಟರಿನ ಸ್ಪೀಕರುಗಳಲ್ಲಿ ಹಾಡು ಹೊಡೆಯುತ್ತಿತ್ತು.

ಮಶಾಕಸಾಬ: ಪ್ರಿಂಟರ್ ಐತಿ, ಹಾಳಿ ಐತಿ, ಕರೆಂಟ್ ಐತಿ. ಮತ್ತೇನ್ ಅಡ್ಡಿ?

ನಾನು: ಪ್ರಿಂಟರ್ ನಡಸಾಕ ಕಂಪ್ಯೂಟರಿನ್ಯಾಗ ಒಂದು ಪ್ಯಾಕೇಜ್, ಅಂದ್ರ ಸಣ್ಣ ಪ್ರೋಗ್ರಾಮು, ಹಾಕಬೇಕು. ಆ ಪ್ಯಾಕೇಜ್ ಏನಂತೈತಿ, ನಾ ಬರಬೇಕಂದ್ರ ನನಗಿಂತ ಮೊದಲ ಇನ್ನೊಂದು ಹೊಸಾ ಪ್ಯಾಕೇಜ್ ಬಂದು ಕುಂದರಬೇಕಂತ.

ಮಶಾಕಸಾಬ: ಕರಸು ಅದನ್ನ.

ನಾನು: ಕರದೆ. ಅದು ಅಂತೈತಿ, ನಾ ಬಂದ್ರ ಒಳಗ ಕುಂತ ಹಳೇದು ಎದ್ದು ಹೋಗಬೇಕಂತ.

ಮಶಾಕಸಾಬ: ಎಬ್ಬಸು ಹಳೇದನ್ನ.

ನಾನು: ಅದನ್ನ ಎಬ್ಬಸಿದ್ರ, ಅದರ ಆಸರಕ್ಕ ಕುಂತ ಕಾಟಾ ಪ್ರೋಗ್ರಾಮು ನಾನೂ ಎದ್ದು ಹೊಕ್ಕೇನಿ ಅಂತೈತಿ.

ಮಶಾಕಸಾಬ ಟೊಪ್ಪಿಗೆ ತೆಗೆದು ತಲೆ ತುರಿಸಿಕೊಂಡ. ಅವನ ಮುಖದಲ್ಲಿ ಮೊದಲ ಸಲ ಸ್ವಲ್ಪ ಸಹಾನುಭೂತಿ ಕಾಣಿಸಿತು.

ಮಶಾಕಸಾಬ: ಇದು ನಮ್ಮ ಮಗಾ ಸಾಹಿಲನ ನಿಕಾ ಆದಂಗ ಆತಲ್ಲೋ. ದೊಡ್ಡ ಮಾಮಾ ಬರಬೇಕಂದ್ರ ಸಣ್ಣ ಮಾಮಾ ಬರಬಾರದು. ಸಣ್ಣ ಮಾಮಾ ಬರಲಿಲ್ಲಂದ್ರ ಅವನ ಹೇಣ್ತಿ ಬರೂದಿಲ್ಲ. ಆಕಿ ಬರಲಿಲ್ಲಂದ್ರ ಅಡಗಿ ನೋಡ್ಕೊಳ್ಳಾವ್ರ ಇಲ್ಲ.

ನಾನು: ಹೌದ ನೋಡು! ಇದಕ್ಕ ಕಂಪ್ಯೂಟರಿನ್ಯಾಗ ಡಿಪೆಂಡೆನ್ಸಿ ಅಂತಾರ.

ಮಶಾಕಸಾಬ: ನಮ್ಮಲ್ಲಿ ಬೀಗತನ ಅಂತೇವಿ.

ನಾನು: ನಿಕಾದಾಗ ಕಡೀಕ ಏನ್ ಮಾಡಿದ್ರಿ? ಹೇಳು, ಇಲ್ಲಿ ಉಪಯೋಗಕ್ಕ ಬಂದೀತು.

ಮಶಾಕಸಾಬ: ಒಬ್ಬಂಗ ಹಿಂದಿನ ದಿನ, ಒಬ್ಬಂಗ ಮರುದಿನ ಬಾ ಅಂತ ಹೇಳಿದ್ವಿ.

ನಾನು: ಶಾಣ್ಯಾ ಅದಿ ಬಿಡು. ಮತ್ತ?

ಮಶಾಕಸಾಬ: ಇಬ್ಬರಿಗೂ ಗೊತ್ತಾತು. ಇಬ್ಬರೂ ಸಿಟ್ಟಿಗೆದ್ದು ಒಂದ ದಿನಾನ ಬಂದ್ರು. ಸಿಟ್ಟಿನ್ಯಾಗ ಇಬ್ಬರೂ ಒಂದಾದ್ರು. ಈಗ ಇಬ್ಬರೂ ಕೂಡಿ ನನ್ನ ಸಂಗಾಟ ಮಾತಾಡೂದಿಲ್ಲ.

ನಾನು ಪರದೆಯ ಕಡೆ ತಿರುಗಿದೆ. ಅಲ್ಲಿಯೂ ಹೆಚ್ಚು ಕಡಿಮೆ ಅದೇ ಆಗಿತ್ತು. ಮೂರು ಪ್ಯಾಕೇಜು ಅರ್ಧ ಒಳಗೆ, ಅರ್ಧ ಹೊರಗೆ ನಿಂತಿದ್ದವು. ಅವುಗಳ ನಡುವೆ ಸಿಕ್ಕ ಕಾಟಾ ಪ್ರೋಗ್ರಾಮು ತೆರೆಯುತ್ತಲೇ ಇರಲಿಲ್ಲ. ಹೊಸದನ್ನು ಹಾಕು ಎಂದರೆ ಮೊದಲು ಮುರಿದದ್ದನ್ನು ಸರಿಮಾಡು ಎನ್ನುತ್ತದೆ. ಸರಿಮಾಡು ಎಂದರೆ ಹೊಸದನ್ನು ಹಾಕು ಎನ್ನುತ್ತದೆ.

ಭಾಗ್ಯಾ: ರೀ, ಎದರಿನ ಚಾದ ಅಂಗಡಿ ಮಾಳಿಂಗಪ್ಪನ್ನ ಒಮ್ಮೆ ಕರದು ಕೇಳಿದ್ರ...

ನಾನು: ಮಾಳಿಂಗಪ್ಪಗ ಲಿನಕ್ಸ್ ಅಂದ್ರ ಏನಂತ ಗೊತ್ತೈತೇನು?

ಭಾಗ್ಯಾ: ಲಿನಕ್ಸ್ ಗೊತ್ತಿಲ್ಲ. ಆದ್ರ...

ನಾನು: ಮತ್ತ! ಅವಗ ಗೊತ್ತಿರೂದು ಏನು? ದಿನಾ ಅಲ್ಲಿ ನಾಕು ಮಂದಿ ಕುಂದರ್ಸ್ಕೊಂಡು, ಗಾಡಿ ಕಾಟಾ ಏರಿದ ಕೂಡ್ಲೇ "ಹನ್ನೆರಡು, ಹದಿಮೂರು" ಅಂತ ಚೀರೂದು. ಕೆಲಸಿಲ್ಲದವರು. ನಾ ಶಹಾಬುದ್ದೀನಗ ಫೋನ್ ಮಾಡ್ತೇನಿ.

ಶೇಂಗಾ ಕಾಯಿಗಳ ಸದ್ದು ಇನ್ನಷ್ಟು ಜೋರಾಯಿತು. ನಾನು ಫೋನಿನ ಸ್ಪೀಕರ್ ಹಚ್ಚಿದೆ, ದೊಡ್ಡ ಮನುಷ್ಯರ ಸಂಭಾಷಣೆ ಮಶಾಕಸಾಬನಿಗೂ ಕೇಳಲಿ ಎಂದು.

ಶಹಾಬುದ್ದೀನ: ಹೇಳಪಾ ಸಿದ್ಧರಾಮ, ಎಷ್ಟು ದಿನಕ್ಕ ನೆನಪಾತು?

ನಾನು: ಹೊಸಾ ಪ್ರಿಂಟರ್ ಹಚ್ಚಾಕ ಹ್ವಾದೆ. ಅದು ಬೇಕು, ಇದು ಬೇಕು ಅಂತ ಹಟಾ ಹಿಡದೈತಿ.

ಶಹಾಬುದ್ದೀನ: ಕಡೀಕ ಅಪ್‌ಡೇಟ್ ಮಾಡಿದ್ದು ಯಾವಾಗ?

ನಾನು: ನೀ ಹಾಕಿಕೊಟ್ಟಿಯಲ್ಲ, ಆವಾಗ.

ಶಹಾಬುದ್ದೀನ: ಅದು ಹಾಕಿದ್ದು. ಅಪ್‌ಡೇಟ್ ಮಾಡಿದ್ದು ಯಾವಾಗ?

ನಾನು: ಮಾಡಿಲ್ಲ. ಆದ್ರ ಅದನ್ನ ಭಾಳ ಜ್ವಾಕಿಯಿಂದ ಇಟ್ಟೇನಿ. ವರ್ಷಾ ದಸರಾದ ಖಂಡೇಪೂಜಿಗೆ ವಿಭೂತಿ ಹಚ್ಚಿ, ಹಾರಾ ಹಾಕಿ, ಕಾಯಿ ಒಡದೇನಿ. ಒಂದು ವರ್ಷಾನೂ ತಪ್ಪಿಸಿಲ್ಲ.

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

ಶಹಾಬುದ್ದೀನ: ಕಾಯಿ ಒಡದಾಗ ನೀರು ಒಳಗ ಹೋಗಿಲ್ಲಲ್ಲ?

ನಾನು: ಇಲ್ಲ ಇಲ್ಲ. ಬದಿಗೆ ಒಡದೇನಿ.

ಶಹಾಬುದ್ದೀನ: ಪುಣ್ಯಾ. ನೋಡು, ಆ ವರ್ಷನ್ ಭಾಳ ಹಳೇದಾತು. ಅದಕ್ಕ ಸಾಮಾನು ಕೊಡೂ ಜಾಗಾನ ಬಂದ್ ಮಾಡ್ಯಾರ. ನೀ ಹೋಗಿ ಮುಚ್ಚಿದ ಅಂಗಡಿ ಬಾಗಿಲಾ ಬಡ್ಯಾಕತ್ತೀದಿ. ಮೊದಲ ಒಳಗಿದ್ದದ್ದೆಲ್ಲ ಬ್ಯಾರೇ ಕಡೆ ಕಾಪಿ ಮಾಡಿ ಇಟ್ಕೋ. ಆಮ್ಯಾಲ ಒಂದೊಂದ ಮೆಟ್ಟಲಾ ಏರಿ ಹೊಸಾ ವರ್ಷನ್‌ಗೆ ಬರಬೇಕು. ಸೀದಾ ಮ್ಯಾಲಿಂದಕ್ಕ ಜಿಗಿಬಾರದು.

ನಾನು: ಜಿಗದ್ರ ಏನಾಗ್ತೈತಿ?

ಶಹಾಬುದ್ದೀನ: ಜಿಗಿಬ್ಯಾಡ. ನಾಳಿ ನನಗ ಬಸವನ ಬಾಗೇವಾಡ್ಯಾಗ ಕೆಲಸೈತಿ, ಅದನ್ನ ಮುಗಿಸಿ ಸೀದಾ ನಿನ್ನಲ್ಲಿಗೆ ಬರ್ತೇನಿ. ಅಲ್ಲೀತನಕ ಏನೂ ಮುಟ್ಟಬ್ಯಾಡ.

ನಾನು: ಆತು. ಮುಟ್ಟೂದಿಲ್ಲ.

ಫೋನ್ ಇಟ್ಟೆ. ನಾನು ಬೆಳಿಗ್ಗೆಯೇ ಜಿಗಿದಾಗಿತ್ತು. ಹಳೆಯ ಅಂಗಡಿಯ ವಿಳಾಸ ಅಳಿಸಿ, ಎಲ್ಲಕ್ಕಿಂತ ಹೊಸ ಅಂಗಡಿಯ ವಿಳಾಸ ಬರೆದು, ಏನೇನು ಸಿಕ್ಕುತ್ತದೆಯೋ ಎಲ್ಲಾ ತಾ ಎಂದಿದ್ದೆ. ಅದನ್ನು ಶಹಾಬುದ್ದೀನನಿಗೆ ಹೇಳಲಿಲ್ಲ. ಮಶಾಕಸಾಬ ಎದುರಿಗೆ ನಿಂತಿದ್ದ, ಹೆಂಡತಿ ಬೆನ್ನ ಹಿಂದೆ ಕೂತಿದ್ದಳು.

ಮಶಾಕಸಾಬ: ನಾಳಿತನಕ ನನ್ನ ಗಾಡಿ ಇಲ್ಲೇ ನಿಂದರಬೇಕೇನು? ಸಂಜೀಕ ಫ್ಯಾಕ್ಟರ್ಯಾಗ ನನ್ನ ಪಾಳಿ ಐತಿ. ಬಿಸಲು ನೋಡು, ಕಬ್ಬು ನಿಂತಲ್ಲೇ ತೂಕಾ ಇಳ್ಯಾಕತ್ತೈತಿ. ನಿನ್ನ ಲಿನಕ್ಸ್ ಮ್ಯಾಲ ಏರಾಕತ್ತೈತಿ, ನನ್ನ ಕಬ್ಬು ಕೆಳಗ ಇಳ್ಯಾಕತ್ತೈತಿ.

ನಾನು: ಈಗಿನ ತೂಕಾ ಕೆಂಪು ಅಂಕ್ಯಾಗ ಕಾಣಾಕತ್ತೈತಲ್ಲೋ. ಅದಕ್ಕೇನ್ ಆಗಿಲ್ಲ.

ಮಶಾಕಸಾಬ: ಈಗಿಂದು ಯಾರಿಗೆ ಬೇಕು? ಮುಂಜಾನಿದು ಎಲ್ಲೈತಿ?

ನಾನು: ಕಂಪ್ಯೂಟರಿನ್ಯಾಗ ಐತಿ. ಭದ್ರ ಐತಿ. ವೈರಸ್ ಸೈತ ಮುಟ್ಟಾಕ ಆಗೂದಿಲ್ಲ.

ಮಶಾಕಸಾಬ: ವೈರಸ್ ಅಲ್ಲ, ನಿನಗ ಮುಟ್ಟಾಕ ಆಗವಲ್ದಲ್ಲೋ!

ಆಗಲೇ ಅವನ ಫೋನು ಹೊಡೆಯಿತು. ಪೀರಬಿ. ಅವನು ಹೆಸರು ನೋಡಿ, ಬಿಸಿ ತವೆ ಹಿಡಿದವನಂತೆ ಫೋನನ್ನು ನನ್ನ ಕೈಗೆ ದಾಟಿಸಿದ.

ಪೀರಬಿ: ಮಶಾಕ, ಎಷ್ಟಾತೋ ನನ್ನ ಕಬ್ಬು?

ನಾನು: ಅಕ್ಕಾರ, ನಾ ಕಾಟಾದ ಸಿದ್ಧರಾಮ್ರಿ. ಆಗಾಕತ್ತೈತ್ರಿ. ಅಪ್‌ಡೇಟ್ ನಡದೈತಿ.

ಪೀರಬಿ: ನನ್ನ ಕಬ್ಬಿನ ಅಪ್‌ಡೇಟ್ ಏನೈತೋ ಅದನ್ನ ಹೇಳಪಾ.

ನಾನು: ಒಂದೀಟು ತಡೀರಿ. ಕಂಪ್ಯೂಟರ್ ಲೆಕ್ಕಾ ಹಾಕಾಕತ್ತೈತಿ.

ಪೀರಬಿ: ಹಾಕಲಿ, ಸಾವಕಾಶ ಹಾಕಲಿ. ನಮ್ಮಪ್ಪ ಹೊಲಾ ಹಂಚೂ ಮುಂದ ಕಣ್ಣಳತಿ ಮ್ಯಾಲ ಹಂಚಿದ. ಅದಕ್ಕ ನಾವು ಅಕ್ಕ ತಮ್ಮ ಎಷ್ಟೋ ವರ್ಷ ಮಾತ ಬಿಟ್ವಿ. ಈಗ ಒಂದ ಗಾಡ್ಯಾಗ ಕಬ್ಬು ಹಾಕೇವಿ. ಕಂಪ್ಯೂಟರ್ ಹೇಳಿದ್ರ ಸಾಕು, ನಾ ಎರಡನೇ ಮಾತ ಆಡೂದಿಲ್ಲ.

ಫೋನ್ ಬಂದಾಯಿತು. ಮಶಾಕಸಾಬ ನೆಲ ನೋಡುತ್ತಿದ್ದ.

ಮಶಾಕಸಾಬ: ಕೇಳಿದಿಲ್ಲೋ? ಕಬ್ಬು ಒಣಗಿದ್ರ ಒಣಗಲಿ ಸಿದ್ಧು, ಪಾಳಿ ಹೋದ್ರ ಹೋಗಲಿ. ಆಕಿ ಮನಿ ಬಾಗಿಲಾ ಈ ರಮಜಾನದಾಗ ಈಟ ತಗದೈತಿ. ನಾನಾಗೇ ಹೋಗಿ ಕೇಳ್ಕೊಂಡೇನಿ, ಒಂದ ಗಾಡ್ಯಾಗ ಹಾಕೂಣು ಆಪಾ ಅಂತ. ಈಗ ಅಂದಾಜಿನ ಮ್ಯಾಲ ಇಷ್ಟು ನಿಂದು, ಇಷ್ಟು ನಂದು ಅಂತ ಹ್ಯಾಂಗ ಹೇಳ್ಲಿ? ಮತ್ತ ಕಣ್ಣಳತಿ ಬಂತಿಲ್ಲೋ?

ಒಬ್ಬ ಮನುಷ್ಯ ಅಕ್ಕನ ಮನೆಯ ಬಾಗಿಲನ್ನು ನನ್ನ ಮೇಲೆ ನಂಬಿಕೆ ಇಟ್ಟು ತೆರೆಸಿದ್ದಾನೆ, ನಾನು ಥರ್ಮಾಕೋಲ್ ಬಿಚ್ಚುತ್ತ ಕೂತಿದ್ದೆ. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಶಾಣ್ಯಾತನ. ಆದರೆ ತಪ್ಪಿತಸ್ಥನಿಗೆ ಸುಮ್ಮನಿರಲು ಬರುವುದಿಲ್ಲ, ಏನಾದರೂ ಒತ್ತಬೇಕು ಅನ್ನಿಸುತ್ತದೆ. ಮುರಿದದ್ದನ್ನೆಲ್ಲ ಬಲವಂತದಿಂದ ಸರಿಮಾಡು ಎಂಬ ಆಜ್ಞೆಯನ್ನು ಎಲ್ಲೋ ಓದಿದ್ದು ನೆನಪಾಯಿತು. ಒತ್ತಿದೆ. ಪರದೆ ತುಂಬ ಹೆಸರುಗಳು ಹರಿದುಹೋದವು.

ಮಶಾಕಸಾಬ: ಇವ್ಯಾರು ಇಷ್ಟ್ ಮಂದಿ?

ನಾನು: ಇವೆಲ್ಲಾ ಎದ್ದು ಹೋಗ್ತಾವಂತ.

ಮಶಾಕಸಾಬ: ಎಲ್ಲಾರೂ? ಮದುವಿ ಮನ್ಯಾಗ ಉಳಿಯಾವ್ರು ಯಾರು?

ನಾನು: ಅದನ್ನ ಹೇಳಿಲ್ಲ. ಕೆಳಗ ಒಂದು ಮಾತು ಬರದೈತಿ. ಇದು ಅಪಾಯದ ಕೆಲಸ, ಮಾಡಬೇಕಂದ್ರ "ಹೌದು, ನಾನು ಹೇಳಿದಂತೆ ಮಾಡು" ಅಂತ ನಿನ್ನ ಕೈಯಾರೆ ಟೈಪ್ ಮಾಡು ಅಂತೈತಿ.

ಮಶಾಕಸಾಬ: ಬರೇ ಹೂಂ ಅಂದ್ರ ಸಾಲೂದಿಲ್ಲೇನು?

ನಾನು: ಸಾಲೂದಿಲ್ಲಂತ. ಪೂರಾ ಬರೀಬೇಕಂತ.

ಮಶಾಕಸಾಬ: ಇದು ಪಂಚರ ಮುಂದ ಕಬೂಲಿ ಮಾಡಿಸ್ಕೊಂಡಂಗ ಆತು. ನಾಳಿ ಕೆಟ್ರ ನಂದೇನಿಲ್ಲ, ನೀನ ಹೇಳೀದಿ ಅಂತ. ಹುಷಾರ್ ಐತಿ ನಿನ್ನ ಯಂತ್ರ.

ಭಾಗ್ಯಾ: ಅದಕ್ಕ ನಿಮ್ಮ ಗುಣ ಪೂರಾ ಗೊತ್ತಾಗೇತಿ ಅಂತ ಅನ್ರಿ. ರೀ, ಬ್ಯಾಡ್ರಿ. ಅದನ್ನ ಒತ್ತೂಕಿಂತ ಮೊದಲ ನಾ ಹೇಳೂದು ಒಂದೀಟು...

ನಾನು: ತಡಿ ಭಾಗ್ಯಾ!

ನಿಮಗೆ ಸುಳ್ಳು ಯಾಕೆ ಹೇಳಲಿ. ನನಗೆ ಆ ವಾಕ್ಯ ಬಹಳ ಹಿಡಿಸಿತು. ಮದುವೆಯಾದಾಗಿನಿಂದ ಈ ಮನೆಯಲ್ಲಿ ನಾನು ಹೇಳಿದಂತೆ ಮಾಡುತ್ತೇನೆ ಎಂದು ಮುಂದೆ ಬಂದದ್ದು ಅದೊಂದೇ. ಅಕ್ಷರ ಅಕ್ಷರ ಹುಡುಕಿ, ಒತ್ತಿ ಒತ್ತಿ ಟೈಪ್ ಮಾಡಿದೆ. ಕೊನೆಯಲ್ಲಿ ಉದ್ಗಾರ ಚಿಹ್ನೆ ಬೇಕು ಎಂದಿತ್ತು, ಅದನ್ನೂ ಎದೆಯುಬ್ಬಿಸಿ ಹಾಕಿದೆ.

ಅದು ನಾನು ಹೇಳಿದಂತೆಯೇ ಮಾಡಿತು. ಕಾಟಾ ಪ್ರೋಗ್ರಾಮು ಹೋಯಿತು, ಕನ್ನಡ ಅಕ್ಷರ ಹೋದವು, ಹಿಂದೆ ಇದ್ದ ಬಸವಣ್ಣನ ಚಿತ್ರ ಹೋಯಿತು, ಮೌಸಿನ ಬಾಣ ಹೋಯಿತು. ಒಂದು ಕರಿಯ ಪರದೆ, ಅದರ ಮೂಲೆಯಲ್ಲಿ ಮಿಟುಕುವ ಒಂದು ಗೆರೆ.

ಮಶಾಕಸಾಬ: ಆ ಗೆರಿ ಯಾಕ ಮಿಟುಕಾಕತ್ತೈತಿ?

ನಾನು: ಹೇಳಿದ್ದೆಲ್ಲಾ ಮಾಡೇನಿ, ಇನ್ನೇನಪ್ಪಣಿ ಅಂತ ಕೇಳಾಕತ್ತೈತಿ.

ಮಶಾಕಸಾಬ: ನನ್ನ ಮುಂಜಾನಿ ತೂಕಾ ಕೊಡು ಅಂತ ಅಪ್ಪಣಿ ಕೊಡು.

ನಾನು: ಅದು ಒಳಗ ಐತಿ ಮಶಾಕಣ್ಣಾ. ಹೋಗಿಲ್ಲ. ಶಹಾಬುದ್ದೀನ ಬಂದು ತಗದು ಕೊಡ್ತಾನ. ಬರೇ ಇವತ್ತ ಬರೂದಿಲ್ಲ, ಅಷ್ಟ.

ಮಶಾಕಸಾಬ: ಆಪಾಗ ಇವತ್ತ ಏನ್ ಹೇಳ್ಲಿ?

ನಾನು ಕರಿಯ ಪರದೆಯನ್ನು ಅಂಗೈಯಿಂದ ಒರೆಸಿದೆ.

ಮಶಾಕಸಾಬ: ವೈರಸ್ ಬರೂದಿಲ್ಲ, ಕೆಡೂದಿಲ್ಲ ಅಂತಿದ್ದಿ.

ನಾನು: ವೈರಸ್ ಬಂದಿಲ್ಲ. ನಾ ಬಂದೆ.

ಇದೊಂದು ಮಾತನ್ನು ನಾನು ಅವತ್ತು ಸರಿಯಾಗಿ ಹೇಳಿದೆ. ಮಶಾಕಸಾಬ ನಗಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಶೇಂಗಾ ಸುಲಿಯುವ ಸದ್ದು ಯಾವಾಗಲೋ ನಿಂತಿತ್ತು. ಭಾಗ್ಯಾ ಎದ್ದು ಸೀರೆಯ ಮೇಲಿನ ಸಿಪ್ಪೆ ಕೊಡವಿಕೊಂಡು ಬಂದು, ನನ್ನನ್ನು ದಾಟಿ ಅವನ ಮುಂದೆ ನಿಂತಳು.

ಭಾಗ್ಯಾ: ಮಶಾಕಣ್ಣಾ, ಮಾರಿ ಸಣ್ಣ ಮಾಡ್ಕೋಬ್ಯಾಡ. ಮುಂಜಾನಿ ನಿನ್ನ ಕಾಟಾ ಎಷ್ಟು ಅಂತ ನನಗ ಗೊತ್ತೈತಿ.

ನಾನು: ನಿನಗ?

ಭಾಗ್ಯಾ: ನನಗ. ಎದರಿನ ಮಾಳಿಂಗಪ್ಪಗೂ ಗೊತ್ತೈತಿ. ಅಲ್ಲಿ ಕುಂತ ಮಂದಿಗೆಲ್ಲಾ ಗೊತ್ತೈತಿ. ಈ ರಸ್ತಾದಾಗ ಗೊತ್ತಿಲ್ಲದವ್ರಂದ್ರ ನೀವಿಬ್ಬರ. ಒಬ್ರು ಹಾಡಿನ್ಯಾಗಿದ್ರಿ, ಒಬ್ರು ಪ್ರಿಂಟರ್ ಡಬ್ಬ್ಯಾಗಿದ್ರಿ.

ಮಶಾಕಸಾಬ: ನೆನಪ ಹ್ಯಾಂಗ ಇಟ್ಟಿ ತಂಗೀ? ದಿನಾ ಎಷ್ಟ್ ಗಾಡಿ ಬರ್ತಾವ!

ಭಾಗ್ಯಾ: ಚಾದ ಪಣದ್ದು ಮರೀತಾರೇನು? ಗಾಡಿ ಹಲಗಿ ಏರೂ ಮುಂದ ಅವ್ರು ಅಲ್ಲಿಂದ ತಮ್ಮ ಅಂದಾಜು ಕೂಗ್ತಾರ, ನಾ ಕಿಡಕ್ಯಾಗಿಂದ ನನ್ನ ಅಂದಾಜು ಹೇಳ್ತೇನಿ. ಆಮ್ಯಾಲ ಅಂಕಿ ನೋಡಿ ಮೈಕಿನ್ಯಾಗ ಹೇಳೂದು. ಯಾರದು ಸನೇಕ ಬರ್ತೈತೋ ಅವರಿಗೆ ಚಾ. ಮುಂಜಾನಿ ನಿನ್ನ ಗಾಡಿ ಮ್ಯಾಲ ನಾನ ಗೆದ್ದೇನಿ.

ಇಷ್ಟು ವರ್ಷ ನನ್ನ ಮುಖ ಕಂಪ್ಯೂಟರಿನ ಕಡೆಗೆ, ಬೆನ್ನು ರಸ್ತೆಯ ಕಡೆಗೆ ಇತ್ತು. ದಿನಕ್ಕೆ ಅಷ್ಟೊಂದು ಚಾ ಎದುರಿನಿಂದ ಯಾಕೆ ಬರುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮಾಳಿಂಗಪ್ಪನಿಗೆ ನನ್ನ ಮೇಲೆ ಗೌರವ ಎಂದುಕೊಂಡಿದ್ದೆ.

ನಾನು: ಇಷ್ಟ್ ಹೊತ್ತು ಯಾಕ ಹೇಳಲಿಲ್ಲ ನೀ?

ಭಾಗ್ಯಾ: ಮಧ್ಯಾಹ್ನದಿಂದ ಬಾಯಿ ತಗದಾಗೊಮ್ಮೆ ಏನಂದ್ರಿ? ಇದು ಕಂಪ್ಯೂಟರ್ ಮಾತು ಅಂದ್ರಿ. ತಡಿ ಅಂದ್ರಿ. ಮಾಳಿಂಗಪ್ಪಗ ಏನ್ ಗೊತ್ತೈತಿ ಅಂದ್ರಿ.

ನಾನು: ಆತು, ತಪ್ಪಾತು. ಈಗ ಹೇಳು, ಎಷ್ಟು?

ಭಾಗ್ಯಾ: ಹಂಗ ಹ್ಯಾಂಗ ಹೇಳ್ಲಿ? ಇದು ಅಪಾಯದ ಕೆಲಸ. ನಾಳಿ ಭಾಗ್ಯಾನ ಹೇಳಿದ್ಳು ಅಂತ ನನ್ನ ಮ್ಯಾಲ ಬರಬಾರದಲ್ಲ. ಮೊದಲ ಪೂರಾ ಅನಿಸ್ಕೋಬೇಕು.

ನಾನು: ಏನಂತ?

ಭಾಗ್ಯಾ: ಹೌದು, ನೀ ಹೇಳಿದಂಗ ಮಾಡ್ತೇನಿ ಅಂತ.

ನಾನು: ಹೂಂ.

ಭಾಗ್ಯಾ: ಬರೇ ಹೂಂ ಅಂದ್ರ ಸಾಲೂದಿಲ್ಲ.

ಮಶಾಕಸಾಬ: ಸಾಲೂದಿಲ್ಲಂತ ಸಿದ್ಧು. ಪೂರಾ ಬೇಕಂತ.

ಭಾಗ್ಯಾ ಮೈಕಿನ ಗುಂಡಿ ಒತ್ತಿ ಅದನ್ನು ನನ್ನ ಬಾಯಿಯ ಮುಂದೆ ಹಿಡಿದಳು. ಹೊರಗೆ ಕಂಬದ ಮೇಲಿನ ಸ್ಪೀಕರು ಒಮ್ಮೆ ಕಿಂಯ್ ಎಂದಿತು. ಕಬ್ಬು, ಬಿಸಿಲು, ಪೀರಬಿ, ಎಲ್ಲಾ ಒಮ್ಮೆಗೇ ಕಣ್ಣ ಮುಂದೆ ಬಂದವು. ಕಣ್ಣು ಮುಚ್ಚಿಕೊಂಡೆ.

ನಾನು: ಹೌದು. ನೀ ಹೇಳಿದಂಗ ಮಾಡ್ತೇನಿ.

ಹೊರ್ತಿಯ ರಸ್ತೆಯ ಎರಡೂ ಬದಿಗೆ ಅದು ಕೇಳಿಸಿತು. ಚಾದ ಅಂಗಡಿಯಿಂದ ಸಿಳ್ಳೆ ಬಂತು. ಭಾಗ್ಯಾ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡು, ದಿನದ ರಾಗದಲ್ಲಿಯೇ ಕೂಗಿದಳು.

ಭಾಗ್ಯಾ: ಮಶಾಕಸಾಬರ ಗಾಡಿ, ಮುಂಜಾನಿ ಕಾಟಾ, ಹನ್ನೆರಡು ಟನ್ ಮುನ್ನೂರಾ ನಲವತ್ತು! ಮಾಳಿಂಗಪ್ಪಾ, ಖರೇ ಹೌದಿಲ್ಲೋ?

ಮಾಳಿಂಗಪ್ಪ (ಆ ಬದಿಯಿಂದ): ಖರೇ ಯವ್ವಾ! ಹದಿಮೂರು ಅಂದು ಸೋತಾವ ನಾನ ಅಲ್ಲ?

ಮಶಾಕಸಾಬ ಟೊಪ್ಪಿಗೆ ಹಾಕಿಕೊಂಡು ಎದ್ದ. ಕೆಂಪು ಅಂಕಿಯಿಂದ ಈಗಿನ ತೂಕ ಓದಿದೆವು. ಚೀಟಿಯನ್ನು ಕೈಯಲ್ಲೇ ಬರೆಯಬೇಕಾಯಿತು. ಇಡೀ ಕಾಟಾದಲ್ಲಿ ಒಂದು ಪೆನ್ನು ಇರಲಿಲ್ಲ, ಲಿನಕ್ಸ್ ಬಂದ ಮೇಲೆ ನಾನು ಪೆನ್ನು ಇಡುವುದನ್ನೇ ಬಿಟ್ಟಿದ್ದೆ. ಮಶಾಕಸಾಬ ತನ್ನ ಜೇಬಿನದು ಕೊಟ್ಟ. ಹೊಸ ಪ್ರಿಂಟರಿನ ಮೇಲೆ ಹಾಳೆ ಇಟ್ಟು ಬರೆದೆ. ಬರೆಯಲು ಎತ್ತರ ಸರಿಯಾಗಿತ್ತು, ಅಷ್ಟರ ಮಟ್ಟಿಗೆ ಅದು ಉಪಯೋಗಕ್ಕೆ ಬಂತು. ಅವನು ಅಕ್ಕನಿಗೆ ಫೋನ್ ಹಚ್ಚಿದ.

ಮಶಾಕಸಾಬ: ಆಪಾ, ಖರೇ ಹೇಳ್ತೇನಿ, ಕಂಪ್ಯೂಟರ್ ಕೆಟ್ಟೈತಿ. ಮುಂಜಾನಿದು ಭಾಗ್ಯಾ ತಂಗಿ ಹೇಳ್ಯಾಳ. ಚಾದ ಅಂಗಡಿಯವ್ರೂ ಹೌದ ಅಂದಾರ. ನಿನಗ ಒಪ್ಪಿಗಿ ಇಲ್ಲಂದ್ರ ಗಾಡಿ ಹೊಳ್ಳಿ ತರ್ತೇನಿ.

ಪೀರಬಿ: ಮಾಳಿಂಗಪ್ಪ ಅದರ ಮ್ಯಾಲ ಚಾ ಸೋತಾನೇನು?

ಮಶಾಕಸಾಬ: ಸೋತಾನ.

ಪೀರಬಿ: ಅಂವಾ ಸುಳ್ಳ ಸುಳ್ಳ ಚಾ ಸೋಲೂ ಮನಶಾ ಅಲ್ಲ. ಆತು ನಡಿ, ಪಾಳಿ ತಪ್ಪೀತು. ಹೊಳ್ಳಿ ಬರೂ ಮುಂದ ಇಲ್ಲೇ ಊಟಕ್ಕ ಬಾ.

ಮಶಾಕಸಾಬ ಫೋನನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೂ ಸ್ವಲ್ಪ ಹೊತ್ತು ತೆಗೆದುಕೊಂಡ. ಆಮೇಲೆ ಟ್ರ್ಯಾಕ್ಟರ್ ಏರಿ ಹಾಡು ಹಚ್ಚಿದ, ನಮ್ಮಿಬ್ಬರ ಕಡೆ ಕೈ ಬೀಸಿದ. ಗಾಡಿ ಹಲಗೆಯಿಂದ ಇಳಿಯಿತು. ಕೆಂಪು ಅಂಕಿ ಸೊನ್ನೆಗೆ ಬಂದು ನಿಂತಿತು. ನನ್ನ ಪರದೆಯಲ್ಲಿ ಗೆರೆ ಇನ್ನೂ ಮಿಟುಕುತ್ತಲೇ ಇತ್ತು.

ಅಷ್ಟರಲ್ಲಿ ಮಾಳಿಂಗಪ್ಪ ತಾನೇ ರಸ್ತೆ ದಾಟಿ ಬಂದ. ಕೈಯಲ್ಲಿ ಒಂದು ಕಿಟ್ಲಿ, ಒಂದೇ ಒಂದು ಕಪ್ಪು. ಕಪ್ಪನ್ನು ಭಾಗ್ಯಾಳ ಮುಂದೆ ಇಟ್ಟು, ಕಿಟ್ಲಿಯನ್ನೂ ಅಲ್ಲೇ ಇಟ್ಟ.

ನಾನು: ಮುಂಜಾನಿ ಚಾ ಮುಂಜಾನಿನ ಬಂತಲ್ಲೋ. ಇದ್ಯಾವ್ದು?

ಮಾಳಿಂಗಪ್ಪ: ಇದು ಬ್ಯಾರೇ ಪಣದ್ದರೀ ಸಾವಕಾರ್ರ. ಮುಂಜಾನಿ ನೀವು ಪ್ರಿಂಟರ್ ಡಬ್ಬಿ ಬಿಚ್ಚಿದ್ರಲ್ಲ, ಆವಾಗ ಕಟ್ಟಿದ್ದು. ಸಂಜೀತನಕ ಕಂಪ್ಯೂಟರ್ ಉಳೀತೈತೋ, ಹೋಗ್ತೈತೋ ಅಂತ. ನಾವೆಲ್ಲಾ ಉಳೀತೈತಿ ಅಂದಿದ್ವಿ. ಕೆಡೂದಿಲ್ಲ ಅಂತ ನೀವ ಹೇಳ್ತಿದ್ರಿ, ನಂಬಿದ್ವಿ.

ನಾನು: ಹೋಗ್ತೈತಿ ಅಂದಾವ್ರು ಯಾರು?

ಮಾಳಿಂಗಪ್ಪ ಆಕಾಶ ನೋಡಿದ. ಭಾಗ್ಯಾ ಕಪ್ಪು ಎತ್ತಿ ಒಂದು ಗುಟುಕು ಕುಡಿದಳು.

ಭಾಗ್ಯಾ: ಸಕ್ಕರಿ ಒಂದೀಟು ಕಡಿಮಿ ಆಗೇತಿ ಮಾಳಿಂಗಪ್ಪಾ.

ನಾನು: ಕಿಟ್ಲಿ ತುಂಬ ಐತಲ್ಲ. ನನಗೂ ಒಂದೀಟು ಹಾಕು.

ಭಾಗ್ಯಾ: ಹಾಕ್ತೇನಿ. ಮೊದಲ ಪೂರಾ ಅನ್ರಿ. ಮೈಕ್ ಇನ್ನೂ ಚಾಲೂ ಐತಿ ನೋಡ್ರಿ.